ಹತ್ತದ ಮದ್ದು



ಬಂಗಾರಪೇಟೆಯ ಜಂಕ್ಷನ್ನಿನಲ್ಲಿ ಇಳಿದು ಮಾರಿಕುಪ್ಪಂ ಕಡೆಯ ರೈಲನ್ನು ಹತ್ತಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಕಿಟಕಿಯಾಚೆ ಬೂದುಬಣ್ಣದ ಬೋಳು ದಿಬ್ಬಗಳು ಕಾಣತೊಡಗುತ್ತವೆ. ಚಿನ್ನವನ್ನು ತೆಗೆದುಕೊಂಡು ಬಿಟ್ಟ ಪುಡಿಗಲ್ಲಿನ ರಾಶಿಗಳು ಅವು. ನಮ್ಮ ಕಡೆ ಅವನ್ನು ಸೈನೈಡ್ ಗುಡ್ಡಗಳೆಂದೇ ಕರೆಯುವುದು. ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಎಂದು ಅಲ್ಲಿ ನಾಲ್ಕು ದೊಡ್ಡ ಗಣಿಗಳಿದ್ದವು. 2001ರ ಫೆಬ್ರವರಿ 28ರಂದು ಗಣಿಯ ಕೆಲಸ ನಿಂತುಹೋಯಿತು. ನಾನು ಹುಟ್ಟಿ ಬೆಳೆದದ್ದು ನಂದಿದುರ್ಗ ಗಣಿಯ ಕೂಲಿಗಾರರ ಸಾಲುಮನೆಯೊಂದರಲ್ಲಿ.

ಇಂದು ನಾನು ಮಾತನಾಡಬೇಕಾದದ್ದು ಗಣಿಯನ್ನು ಕುರಿತಲ್ಲ. ನೋವನ್ನು ಮರೆಸುವ ಮದ್ದುಗಳು ನಮ್ಮ ನರಗಳ ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳೊಡನೆ ಹೇಗೆ ವ್ಯವಹರಿಸುತ್ತವೆ, ಆ ವ್ಯವಹಾರವನ್ನು ಗಣಕಯಂತ್ರದಲ್ಲಿ ಅನುಕರಿಸಿ ನೋಡುವ ವಿದ್ಯೆ ಯಾವ ಬಗೆಯದು ಎಂಬುದು ಇಂದಿನ ವಿಷಯ. ಆದರೆ ಈ ವಿಷಯ ನನ್ನನ್ನು ಹಿಡಿದುಕೊಂಡದ್ದಕ್ಕೆ ಕಾರಣ ಗಣಿಯೂರಿನ ಒಂದು ಸಂಜೆ. ಆದುದರಿಂದ ಅಲ್ಲಿಂದಲೇ ಆರಂಭಿಸಲು ಅಪ್ಪಣೆ ಬೇಡುತ್ತೇನೆ.

1964ನೆಯ ಇಸವಿ. ನನಗಾಗ ಹತ್ತು ವರ್ಷ. ಭೂಮಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ಕಟ್ಟುವ ತಂಡದಲ್ಲಿ ಅಪ್ಪ ದುಡಿಯುತ್ತಿದ್ದರು. ಬಲಗೈಯ ತೋರುಬೆರಳಿನ ಉಗುರಿನ ಸಂದಿಗೆ ಮರದ ಸಿಬಿರೊಂದು ಹೊಕ್ಕಿತು. ರಜೆ ಹಾಕಿದರೆ ಕೂಲಿ ಹೋಗುತ್ತದೆಂದು ನಾಲ್ಕು ದಿನ ಅದನ್ನು ಲೆಕ್ಕಿಸದೆ ಕೆಲಸಕ್ಕೆ ಹೋದರು. ಐದನೆಯ ದಿನ ಬೆರಳು ಬದನೆಕಾಯಿಯಂತೆ ಊದಿತ್ತು. ಅಮ್ಮ ಉಗುರುಸುತ್ತು ಎಂದು ನಿಂಬೆಹಣ್ಣು ಕೊರೆದು ಬೆರಳಿಗೆ ತೊಡಿಸಿದಳು. ಅದಕ್ಕೂ ಬಗ್ಗದಿದ್ದಾಗ ಅಪ್ಪ ನನ್ನನ್ನು ಕರೆದುಕೊಂಡು ಒಂದು ಔಷಧಾಲಯಕ್ಕೆ ಹೋದರು.

ಅಲ್ಲಿದ್ದವರು ಊದಿದ ಜಾಗಕ್ಕೇ ಮರವಳಿಕೆಯ ಸೂಜಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಕತ್ತಿಯಿಟ್ಟರು. ಅಪ್ಪ ಕಿರುಚಿದರು. ಅಂಥ ಕೂಗನ್ನು ಅವರ ಬಾಯಿಂದ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಕತ್ತಿ ಹಿಡಿದಿದ್ದವರು ಬೇಸರದಿಂದ, "ಮದ್ದು ಹಾಕಿದ ಮೇಲೆ ನೋವೆಲ್ಲಿಂದ ಬರುತ್ತಯ್ಯಾ? ಪಾತಾಳಕ್ಕಿಳಿದು ಬರೋನು, ಇಷ್ಟಕ್ಕೆ ಹೆದರ್ತೀಯಲ್ಲ" ಎಂದರು. ಬೆಂಚಿನ ಮೇಲೆ ಕಾದು ಕುಳಿತಿದ್ದ ನಾಲ್ಕಾರು ಜನ ನಕ್ಕರು. ಮನೆಗೆ ಬರುವ ದಾರಿಯಲ್ಲಿ ಅಪ್ಪ ಆಡಿದ್ದು ಒಂದೇ ಮಾತು: "ಅಮ್ಮನಿಗೆ ಹೇಳಬೇಡ ಕಣಪ್ಪ."

ನಾನು ಹೇಳಲಿಲ್ಲ. ಆದರೆ ಎಷ್ಟೋ ವರ್ಷಗಳ ಮೇಲೆ, ಮುದುಕರಾಗಿದ್ದ ಅಪ್ಪ ತಾವಾಗಿಯೇ ಆ ಪ್ರಸಂಗವನ್ನು ಎತ್ತಿ, "ಮದ್ದೇನೋ ಹಾಕಿದ್ರು. ನಾನೇ ಹೆದರಿಬಿಟ್ಟೆನೇನೋ" ಎಂದರು. ಈ ಮಾತು ನನ್ನನ್ನು ಆ ಕೂಗಿಗಿಂತ ಹೆಚ್ಚಾಗಿ ಕಾಡಿತು. ತಾನು ಪಟ್ಟ ನೋವನ್ನೇ ಒಬ್ಬ ಮನುಷ್ಯ ನಂಬದಂತಾಗಿದ್ದ. ಅಂದು ಆ ಬೆರಳಿನಲ್ಲಿ ನಡೆದದ್ದೇನು? ಇದಕ್ಕೆ ಉತ್ತರವನ್ನು ಹುಡುಕಬೇಕಾದರೆ ಗಣಿಗಿಂತ ಆಳವಾದ ಒಂದು ಕಡೆಗೆ ಇಳಿಯಬೇಕು.

ನರವೆಂಬುದು ತಂತಿಯಂತೆ ಸುದ್ದಿ ಒಯ್ಯುತ್ತದೆ ಎಂದು ನಾವು ಹೇಳುವುದುಂಟು. ಆದರೆ ತಂತಿಯಲ್ಲಿ ಹರಿಯುವಂತೆ ಅಲ್ಲಿ ವಿದ್ಯುತ್ತು ಹರಿಯುವುದಿಲ್ಲ. ನರದ ಎಳೆಗೆ ಎಣ್ಣೆಯ ಸ್ವಭಾವದ ತೆಳುವಾದ ಪೊರೆಯಿದೆ. ಅಂಥ ಎರಡು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಮಿಲಿಮೀಟರು ಆದೀತು. ಪೊರೆಯ ಹೊರಗೆ ಉಪ್ಪುನೀರು, ಅದರಲ್ಲಿ ವಿದ್ಯುದಂಶವನ್ನು ಹೊತ್ತ ಸೋಡಿಯಂ ಕಣಗಳು. ಇವಕ್ಕೆ ಅಯಾನು ಎಂದು ಹೆಸರು. ಎಣ್ಣೆಯ ಪೊರೆಯನ್ನು ದಾಟುವ ಶಕ್ತಿ ಅಯಾನಿಗಿಲ್ಲ. ಅದಕ್ಕಾಗಿ ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನಿನಿಂದಾದ ನಾಳಗಳು ನಿಂತಿವೆ. ಇವೇ ಅಯಾನು ನಾಳಗಳು.

ಗಣಿಯೂರಿನವನಾದ ನನಗೆ ಇವನ್ನು ನೆನೆದಾಗಲೆಲ್ಲ ಶಾಫ್ಟು ಕಣ್ಣಮುಂದೆ ಬರುತ್ತದೆ. ಗಟ್ಟಿ ನೆಲವನ್ನು ತೂರಿ ಇಳಿದ ಒಂದು ದಾರಿ; ಅದರ ಬಾಯಲ್ಲಿ ಬಾಗಿಲು; ಗಂಟೆ ಬಾರಿಸಿದರೆ ಮಾತ್ರ ಬಾಗಿಲು ತೆರೆಯಬೇಕು. ನರದಲ್ಲಿ ಆ ಗಂಟೆಯೆಂದರೆ ಪೊರೆಯ ವಿದ್ಯುದೊತ್ತಡದಲ್ಲಿ ಆಗುವ ಬದಲಾವಣೆ. ಒತ್ತಡ ಬದಲಾಯಿತೆಂದರೆ ಸೋಡಿಯಂ ನಾಳ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ತೆರೆದಾಗ ಒಂದು ನಾಳದ ಮೂಲಕ ಸೆಕೆಂಡಿಗೆ ಒಂದು ಕೋಟಿಯ ಗತಿಯಲ್ಲಿ ಅಯಾನುಗಳು ಒಳನುಗ್ಗುತ್ತವೆ. ಅದರಿಂದ ಪಕ್ಕದ ಪೊರೆಯ ಒತ್ತಡ ಬದಲಾಗಿ ಅಲ್ಲಿಯ ನಾಳಗಳು ತೆರೆಯುತ್ತವೆ. ಹೀಗೆ ಬಾಗಿಲಿನಿಂದ ಬಾಗಿಲಿಗೆ ದಾಟುತ್ತ ಬೆರಳಿನ ನೋವು ಮಿದುಳಿಗೆ ಮುಟ್ಟುತ್ತದೆ.

ಈ ವ್ಯಾಪಾರವನ್ನು ಮೊದಲು ಲೆಕ್ಕಕ್ಕೆ ತಂದವರು ಇಂಗ್ಲೆಂಡಿನ ಹಾಜ್‌ಕಿನ್ ಮತ್ತು ಹಕ್ಸ್‌ಲಿ. ಅವರ ಲೇಖನಗಳು 1952ರಲ್ಲಿ ಪ್ರಕಟವಾದುವು. ಸಮೀಕರಣಗಳೇನೋ ಸಿದ್ಧವಾಗಿದ್ದುವು, ಬಿಡಿಸಬೇಕೆನ್ನುವ ಹೊತ್ತಿಗೆ ಕೇಂಬ್ರಿಜ್ಜಿನ ಗಣಕಯಂತ್ರ ಕೆಲವು ತಿಂಗಳ ಮಟ್ಟಿಗೆ ಕೆಲಸಕ್ಕೆ ದೊರೆಯದಂತಾಗಿತ್ತು. ಹಕ್ಸ್‌ಲಿ ಬೇಸರಪಡದೆ, ಹಿಡಿ ತಿರುಗಿಸಿ ಲೆಕ್ಕ ಮಾಡುವ ಒಂದು ಕೈಯಂತ್ರದ ಮುಂದೆ ವಾರಗಟ್ಟಲೆ ಕುಳಿತು, ನರದಲ್ಲಿ ಹರಿಯುವ ಅಲೆಯ ಆಕಾರವನ್ನು ಅಂಕಿಗಳಿಂದ ಹೊರಡಿಸಿದರು. ಅಯಾನು ನಾಳಗಳ ಮೊದಲ ಅನುಕರಣೆ ನಡೆದದ್ದು ಹೀಗೆ, ಮನುಷ್ಯನ ಮೊಣಕೈಯ ಬಲದಿಂದ.

ಇನ್ನು ಮದ್ದಿನ ಮಾತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿಗೆ ಕೊಕೇಯ್ನಿನ ಹನಿ ಹಾಕಿ ನೋವಿಲ್ಲದಂತೆ ಮಾಡಬಹುದೆಂದು ತೋರಿಸಿದ. 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಲಿಗ್ನೊಕೇಯ್ನನ್ನು ತಯಾರಿಸಿದ. ಹಲ್ಲು ಕೀಳಿಸಿಕೊಂಡವರಿಗೆಲ್ಲ ಇದರ ಪರಿಚಯವುಂಟು. ಈ ಜಾತಿಯ ಮದ್ದುಗಳು ಮಾಡುವ ಕೆಲಸವೊಂದೇ: ಸೋಡಿಯಂ ನಾಳದೊಳಗೆ ಸಿಕ್ಕಿಕೊಂಡು ದಾರಿಗೆ ಅಡ್ಡ ಬೀಳುವುದು. ಆದರೆ ಮದ್ದು ನಾಳದೊಳಕ್ಕೆ ಹೊಗುವುದು ಯಾವ ದಾರಿಯಿಂದ?

ಲಿಗ್ನೊಕೇಯ್ನಿನ ಅಣುವಿಗೆ ಎರಡು ವೇಷಗಳುಂಟು. ಒಂದು, ವಿದ್ಯುದಂಶವಿಲ್ಲದ ವೇಷ. ಎಣ್ಣೆಯ ಪೊರೆಯನ್ನು ಇದು ಸುಲಭವಾಗಿ ದಾಟುತ್ತದೆ. ಇನ್ನೊಂದು, ಒಂದು ಜಲಜನಕದ ಅಯಾನನ್ನು ಹೆಗಲೇರಿಸಿಕೊಂಡ ವೇಷ. ಇದಕ್ಕೆ ಪೊರೆ ಗೋಡೆಯೇ ಸರಿ. 1970ರಲ್ಲಿ ನರಾಹಾಶಿ ಮತ್ತು ಅವರ ಸಂಗಡಿಗರು ಸ್ಕ್ವಿಡ್ ಎಂಬ ಕಡಲಪ್ರಾಣಿಯ ದಪ್ಪನೆಯ ನರದ ಮೇಲೆ ಪ್ರಯೋಗ ಮಾಡಿ, ನಾಳವನ್ನು ಮುಚ್ಚುವುದರಲ್ಲಿ ವಿದ್ಯುದಂಶ ಹೊತ್ತ ವೇಷವೇ ಮುಖ್ಯವೆಂದೂ ಅದು ಕೆಲಸ ಮಾಡುವುದು ಪೊರೆಯ ಒಳಬದಿಯಿಂದ ಎಂದೂ ತೋರಿಸಿದರು. ಎಂದರೆ, ಮದ್ದು ಒಂದು ವೇಷದಲ್ಲಿ ಪೊರೆಯನ್ನು ದಾಟಿ, ಒಳಗೆ ಹೋಗಿ ಇನ್ನೊಂದು ವೇಷ ಧರಿಸಿ, ನಾಳವನ್ನು ಕೆಳಬಾಗಿಲಿನಿಂದ ಹೊಗಬೇಕು. 1977ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬರ್ಟಿಲ್ ಹಿಲ್ಲೆ ಇದಕ್ಕೆ ಮತ್ತೊಂದು ದಾರಿಯನ್ನು ಸೇರಿಸಿದರು: ಕೆಳಬಾಗಿಲು ಮುಚ್ಚಿದ್ದಾಗಲೂ ಮದ್ದು ಒಳಸೇರುವುದುಂಟಾದ್ದರಿಂದ, ಪೊರೆಯೊಳಗಿನಿಂದಲೇ ನಾಳದ ಪಕ್ಕಕ್ಕೆ ಒಂದು ಪ್ರವೇಶವಿರಬೇಕು. ನಾಳದ ರೂಪ ಹೇಗಿದೆಯೆಂದು ಯಾರೂ ಕಂಡಿರದ ಕಾಲದಲ್ಲಿ ಆಡಿದ ಮಾತಿದು. ಮೂವತ್ತನಾಲ್ಕು ವರ್ಷಗಳ ಮೇಲೆ, 2011ರಲ್ಲಿ, ಅದೇ ವಿಶ್ವವಿದ್ಯಾಲಯದ ಕ್ಯಾಟರಾಲ್ ಅವರ ತಂಡ ಒಂದು ಬ್ಯಾಕ್ಟೀರಿಯದ ಸೋಡಿಯಂ ನಾಳವನ್ನು ಹರಳುಗಟ್ಟಿಸಿ, ಅದರಲ್ಲಿ ಪರಮಾಣುಗಳು ಕೂತಿರುವ ಬಗೆಯನ್ನು ಎಕ್ಸ್-ಕಿರಣಗಳಿಂದ ಗುರುತಿಸಿತು. ನಾಳದ ನಾಲ್ಕು ಪಕ್ಕಗಳಲ್ಲಿ ನಾಲ್ಕು ಸಣ್ಣ ಕಿಟಕಿಗಳಿದ್ದುವು.

ಇಲ್ಲಿಯವರೆಗೆ ದೊರೆತದ್ದು ನಕ್ಷೆ. ಗಣಿಯ ನಕ್ಷೆಯನ್ನು ನೋಡಿದವರಿಗೆ ಗೊತ್ತು: ಸುರಂಗಗಳೆಲ್ಲ ಅದರಲ್ಲಿ ಇರುತ್ತವೆ, ಮನುಷ್ಯರು ಮಾತ್ರ ಇರುವುದಿಲ್ಲ. ಯಾರು ಯಾವ ದಾರಿಯಿಂದ ನಡೆದರು ಎಂಬುದನ್ನು ನಕ್ಷೆ ಹೇಳಲಾರದು. ಮದ್ದಿನ ಅಣು ಕಿಟಕಿಯಲ್ಲಿ ತೂರುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಾಗುವುದಿಲ್ಲ. ಗಣಕಯಂತ್ರದ ಕೆಲಸ ಆರಂಭವಾಗುವುದು ಇಲ್ಲಿ.

ಈ ವಿದ್ಯೆಯ ಮೂಲಪುರುಷರಲ್ಲಿ ಒಬ್ಬರು ನಮ್ಮ ನೆರೆಯ ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರೆಹಮಾನ್. 1964ರಲ್ಲಿ, ನನ್ನ ಅಪ್ಪನ ಬೆರಳು ಬಾತ ವರ್ಷದಲ್ಲಿಯೇ, ಅವರು ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯಲ್ಲಿ ದ್ರವರೂಪದ ಆರ್ಗಾನ್ ಅನಿಲದ 864 ಪರಮಾಣುಗಳ ಓಡಾಟವನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ಪ್ರಕಟಿಸಿದರು. ಉಪಾಯ ಸರಳವಾದದ್ದು. ಪ್ರತಿಯೊಂದು ಪರಮಾಣುವನ್ನೂ ಒಂದು ಗುಂಡು ಎಂದು ಭಾವಿಸಿ. ಎರಡು ಗುಂಡುಗಳು ದೂರವಿದ್ದಾಗ ಎಷ್ಟು ಸೆಳೆಯುತ್ತವೆ, ಹತ್ತಿರ ಬಂದಾಗ ಎಷ್ಟು ತಳ್ಳುತ್ತವೆ ಎಂಬುದಕ್ಕೆ ಒಂದು ನಿಯಮವನ್ನು ಕೊಡಿ. ಉಳಿದದ್ದನ್ನು ನ್ಯೂಟನ್ನನ ಚಲನ ಸೂತ್ರ ನೋಡಿಕೊಳ್ಳುತ್ತದೆ. ಒಂದು ಕ್ಷಣದ ಸ್ಥಿತಿಯಿಂದ ಮುಂದಿನ ಕ್ಷಣದ ಸ್ಥಿತಿ, ಅದರಿಂದ ಅದರ ಮುಂದಿನದು, ಹೀಗೆ ಹೆಜ್ಜೆ ಹೆಜ್ಜೆಯಾಗಿ. ಅದಕ್ಕೆ ಒಂದು ವರ್ಷ ಮುಂಚೆ, 1963ರಲ್ಲಿ, ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಅವರೂ ಸಂಗಡಿಗರೂ ಪರಮಾಣುಗಳು ಒಂದಕ್ಕೊಂದು ಎಷ್ಟು ಹತ್ತಿರ ಬರಬಹುದೆಂಬ ಲೆಕ್ಕದಿಂದಲೇ ಪ್ರೋಟೀನಿನ ಎಳೆ ಹೇಗೆ ಬಾಗಬಲ್ಲದು, ಹೇಗೆ ಬಾಗಲಾರದು ಎಂಬ ಪಟವನ್ನು ರಚಿಸಿದ್ದರು. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಆಣ್ವಿಕ ಜೀವಭೌತ ವಿಭಾಗವನ್ನು ಕಟ್ಟಿದರು. ಅದೇ ಸಂಸ್ಥೆಯಲ್ಲಿ 2022ರಲ್ಲಿ ಪರಮ್ ಪ್ರವೇಗ ಎಂಬ ಮಹಾಗಣಕ ಸ್ಥಾಪಿತವಾಯಿತು. ಇಂಥ ಲೆಕ್ಕಗಳಿಗೆ ಅಂಥ ಯಂತ್ರಗಳೇ ಬೇಕು.

ಏಕೆ ಬೇಕೆಂದು ಹೇಳುತ್ತೇನೆ. ಒಂದು ನಾಳ, ಅದರ ಸುತ್ತ ಒಂದು ತುಂಡು ಪೊರೆ, ಎರಡು ಬದಿಗೂ ಉಪ್ಪುನೀರು, ಅದರಲ್ಲಿ ಮದ್ದಿನ ಕೆಲವು ಅಣುಗಳು: ಇಷ್ಟನ್ನು ಕಟ್ಟುವ ವೇಳೆಗೆ ಪರಮಾಣುಗಳ ಸಂಖ್ಯೆ ಲಕ್ಷವನ್ನು ದಾಟುತ್ತದೆ. ಲೆಕ್ಕದ ಒಂದು ಹೆಜ್ಜೆ ಎರಡು ಫೆಮ್ಟೊಸೆಕೆಂಡಿಗಿಂತ ಹೆಚ್ಚು ದೊಡ್ಡದಾಗುವಂತಿಲ್ಲ. ಒಂದು ಸೆಕೆಂಡನ್ನು ಕೋಟಿಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಹತ್ತು ಕೋಟಿಯಿಂದ ಭಾಗಿಸಿದರೆ ಒಂದು ಫೆಮ್ಟೊಸೆಕೆಂಡು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗವನ್ನು ಕಾಣಬೇಕಾದರೆ ಐವತ್ತು ಕೋಟಿ ಹೆಜ್ಜೆ ಇಡಬೇಕು. ಒಂದು ಫೆಮ್ಟೊಸೆಕೆಂಡನ್ನು ಹಿಗ್ಗಿಸಿ ಒಂದು ಸೆಕೆಂಡು ಮಾಡಿದಿರೆಂದು ಭಾವಿಸಿ. ಆಗ ಈ ಹತ್ತು ಲಕ್ಷದಲ್ಲೊಂದು ಭಾಗ ಸುಮಾರು ಮೂವತ್ತೆರಡು ವರ್ಷವಾಗುತ್ತದೆ, ಗಣಿಯಲ್ಲಿ ಒಬ್ಬ ಕಾರ್ಮಿಕನ ಇಡೀ ಸೇವಾವಧಿ. ಸೂಜಿ ಹಾಕಿ ಎರಡು ನಿಮಿಷ ಕಾಯುತ್ತಾರಲ್ಲ, ಅದು ಸುಮಾರು 380 ಕೋಟಿ ವರ್ಷವಾಗುತ್ತದೆ. ಕೋಲಾರದ ಚಿನ್ನವನ್ನು ಹೊತ್ತ ಬಂಡೆಗಳ ವಯಸ್ಸೇ ಸುಮಾರು 270 ಕೋಟಿ ವರ್ಷ. ಗಣಕಯಂತ್ರ ತೋರಿಸುವುದು ಎಷ್ಟು ಕಿರಿದಾದ ಕಾಲಖಂಡವನ್ನು ಎಂಬುದನ್ನು ಇದರಿಂದ ಊಹಿಸಬಹುದು.

ಆದರೂ ಆ ಕಿರಿದರಲ್ಲಿ ಕಂಡದ್ದು ಕಡಿಮೆಯಲ್ಲ. 2014ರಲ್ಲಿ ಪ್ರಕಟವಾದ ಒಂದು ಅನುಕರಣೆಯಲ್ಲಿ, ಬೆನ್ಜೊಕೇಯ್ನ್ ಎಂಬ ಮದ್ದಿನ ಅಣು ಮೊದಲು ಪೊರೆಯ ಎಣ್ಣೆಯಲ್ಲಿ ಕರಗಿ, ಅಲ್ಲಿ ಅಲೆದಾಡಿ, ಬ್ಯಾಕ್ಟೀರಿಯದ ನಾಳದ ಪಕ್ಕದ ಕಿಟಕಿಯಿಂದ ಒಳಗೆ ಸರಿದದ್ದು ಕಂಡುಬಂತು. 2019ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್‌ನ ವಿಜ್ಞಾನಿಗಳು ಮನುಷ್ಯನ ಹೃದಯದಲ್ಲಿರುವ ಸೋಡಿಯಂ ನಾಳದ ಮಾದರಿಯನ್ನು ಕಟ್ಟಿ ಲಿಗ್ನೊಕೇಯ್ನಿನ ಎರಡು ವೇಷಗಳನ್ನೂ ಅದರ ಬಳಿ ಬಿಟ್ಟರು. ವಿದ್ಯುದಂಶವಿಲ್ಲದ್ದು ಪಕ್ಕದ ಕಿಟಕಿಯ ದಾರಿಯನ್ನು ಹಿಡಿಯಿತು. ವಿದ್ಯುದಂಶ ಹೊತ್ತದ್ದು ಕೆಳಬಾಗಿಲಿನ ದಾರಿಯನ್ನು ಹಿಡಿಯಿತು. ಹಿಲ್ಲೆ ಊಹಿಸಿದ್ದ ಎರಡು ದಾರಿಗಳೂ ಹೀಗೆ ಅಂಕಿಗಳಲ್ಲಿ ಮೂಡಿಬಂದುವು.

ಅಂಕಿಗಳಲ್ಲಿ ಮೂಡಿದ ಮಾತ್ರಕ್ಕೆ ಅದು ನಿಜವೇ ಎಂದು ನೀವು ಕೇಳಬಹುದು. ಕೇಳಲೇಬೇಕು. ಗುಂಡುಗಳ ಸೆಳೆತ ತಳ್ಳಾಟಗಳಿಗೆ ನಾವು ಕೊಟ್ಟ ನಿಯಮ ಕೊಂಚ ತಪ್ಪಾಗಿದ್ದರೂ ಗಣಕಯಂತ್ರ ಆ ತಪ್ಪನ್ನೇ ಐವತ್ತು ಕೋಟಿ ಸಲ ಶ್ರದ್ಧೆಯಿಂದ ಪಾಲಿಸುತ್ತದೆ. ಆದುದರಿಂದ ಪ್ರಯೋಗಶಾಲೆಗೆ ಮರಳಿ ಹೋಗದೆ ಗತ್ಯಂತರವಿಲ್ಲ. 1994ರಷ್ಟು ಹಿಂದೆಯೇ, ನಾಳದ ಒಳಗೋಡೆಯಲ್ಲಿನ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸಿದರೆ ಮದ್ದಿನ ಹಿಡಿತ ಸಡಿಲವಾಗುವುದೆಂದು ಕಂಡಿತ್ತು. 2018ರಲ್ಲಿ ಸಿಯಾಟಲ್ಲಿನ ತಂಡ ಪಕ್ಕದ ಕಿಟಕಿಗಳ ಅಳತೆಯನ್ನೇ ಕಿರಿದು ಮಾಡಿ, ಹಿರಿದು ಮಾಡಿ ಪರೀಕ್ಷಿಸಿತು. ಮುಚ್ಚಿದ ನಾಳದೊಳಕ್ಕೆ ಮದ್ದು ಸೇರುವುದು ಕಿಟಕಿಯ ಅಳತೆಯನ್ನೂ ಮದ್ದಿನ ಗಾತ್ರವನ್ನೂ ಅನುಸರಿಸಿತು. ಕಿಟಕಿಯ ದಾರಿ ಕೇವಲ ಚಿತ್ರವಲ್ಲ ಎಂದು ನಂಬಲು ಇದು ಬಲವಾದ ಕಾರಣ.

ಈಗ ಅಪ್ಪನ ಬೆರಳಿಗೆ ಬರೋಣ. ಮದ್ದು ಪೊರೆಯನ್ನು ಹೊಕ್ಕು ನಾಳವನ್ನು ಮುಟ್ಟಬೇಕಾದರೆ ಮೊದಲು ವಿದ್ಯುದಂಶವಿಲ್ಲದ ವೇಷದಲ್ಲಿರಬೇಕು ಎಂದೆನಷ್ಟೆ. ಆರೋಗ್ಯವಾದ ಮಾಂಸದಲ್ಲಿ ಲಿಗ್ನೊಕೇಯ್ನಿನ ನೂರು ಅಣುಗಳಲ್ಲಿ ಸುಮಾರು 25 ಈ ವೇಷದಲ್ಲಿರುತ್ತವೆ. ಕೀವು ತುಂಬಿ ಬಾತ ಜಾಗದಲ್ಲಿ ಹುಳಿ, ಎಂದರೆ ಜಲಜನಕದ ಅಯಾನುಗಳು, ಹೆಚ್ಚಾಗಿರುತ್ತವೆ. ಆಮ್ಲೀಯತೆ ಹತ್ತು ಪಟ್ಟು ಏರಿತೆಂದರೆ ನೂರರಲ್ಲಿ 25 ಇದ್ದದ್ದು ಸುಮಾರು 3ಕ್ಕೆ ಇಳಿಯುತ್ತದೆ. ಉಳಿದ 97 ಅಣುಗಳು ಹೊರೆ ಹೊತ್ತು ಪೊರೆಯ ಹೊರಗೇ ನಿಲ್ಲುತ್ತವೆ. ಅಂದು ಅಪ್ಪನ ಬೆರಳಿಗೆ ಹಾಕಿದ್ದು ಇದೇ ಜಾತಿಯ ಮದ್ದು; ಆ ಜಾತಿಯ ಬಹುಪಾಲು ಮದ್ದುಗಳಿಗೆಲ್ಲ ಇದೇ ನ್ಯಾಯ. ಇದೊಂದೇ ಕಾರಣವೂ ಅಲ್ಲ. ಬಾತ ಜಾಗದಲ್ಲಿ ರಕ್ತದ ಓಟ ಹೆಚ್ಚಿ ಮದ್ದನ್ನು ಬೇಗ ತೊಳೆದೊಯ್ಯುತ್ತದೆ. ಅಲ್ಲಿಯ ನರಗಳು ಸಣ್ಣ ಪೆಟ್ಟಿಗೂ ದೊಡ್ಡದಾಗಿ ಕೂಗುವಷ್ಟು ಕೆರಳಿರುತ್ತವೆ. ಇದನ್ನು ಬಲ್ಲ ವೈದ್ಯರು ಕೀವಿನ ಜಾಗಕ್ಕೆ ಸೂಜಿ ಹಾಕದೆ, ಬೆರಳಿನ ಬುಡದಲ್ಲಿ, ಆರೋಗ್ಯವಾದ ಮಾಂಸದಲ್ಲಿ ಹಾದುಬರುವ ನರದ ಬಳಿ ಹಾಕುತ್ತಾರೆ. ಮತ್ತು ಕತ್ತಿಯಿಡುವ ಮುನ್ನ ಮುಟ್ಟಿ ಕೇಳುತ್ತಾರೆ.

ಮದ್ದು ಹಾಕಿದ್ದು ನಿಜ. ಅದು ಬಾಗಿಲಿನವರೆಗೆ ಮುಟ್ಟಲಿಲ್ಲ ಎಂಬುದೂ ನಿಜ. ಅಪ್ಪ ಹೆದರಿ ಕೂಗಿದ್ದಲ್ಲ, ನೊಂದು ಕೂಗಿದ್ದು.

ಒಂದು ಜಾಗವನ್ನು ಮರಗಟ್ಟಿಸುವ ಮದ್ದಿನ ಕಥೆ ಇಷ್ಟಾದರೂ ತಿಳಿಯಿತು. ಇಡೀ ಮನುಷ್ಯನನ್ನು ಮಲಗಿಸಿ ಪ್ರಜ್ಞೆಯನ್ನೇ ಅಡಗಿಸುವ ಮದ್ದಿನ ಕಥೆ ಇನ್ನೂ ಜಟಿಲವಾದದ್ದು. ಆಲಿವ್ ಎಣ್ಣೆಯಲ್ಲಿ ಹೆಚ್ಚು ಕರಗುವ ಮದ್ದು ಹೆಚ್ಚು ಬಲವಾಗಿ ಮಲಗಿಸುತ್ತದೆ ಎಂದು 1899ರಲ್ಲಿ ಮೇಯರನೂ 1901ರಲ್ಲಿ ಓವರ್ಟನ್ನನೂ ತೋರಿಸಿದ ಮೇಲೆ, ಮದ್ದಿನ ಕೆಲಸವೆಲ್ಲ ಪೊರೆಯ ಎಣ್ಣೆಯಲ್ಲಿಯೇ ನಡೆಯುತ್ತದೆಂದು ಬಹುಕಾಲ ನಂಬಲಾಗಿತ್ತು. 1984ರಲ್ಲಿ ಲಂಡನ್ನಿನ ಫ್ರ್ಯಾಂಕ್ಸ್ ಮತ್ತು ಲೀಬ್ ಮಿಂಚುಹುಳುವಿನ ಬೆಳಕಿಗೆ ಕಾರಣವಾದ ಪ್ರೋಟೀನನ್ನು ತೆಗೆದುಕೊಂಡು, ಎಣ್ಣೆಯ ಸೋಂಕೇ ಇಲ್ಲದ ಕಡೆ, ಅರಿವಳಿಕೆಯ ಮದ್ದುಗಳು ಆ ಬೆಳಕನ್ನು ತಗ್ಗಿಸುತ್ತವೆಂದು ತೋರಿಸಿದರು. ಪ್ರೋಟೀನನ್ನೇ ಮದ್ದು ಹಿಡಿಯಬಲ್ಲುದಾದರೆ ನಾಳಗಳನ್ನೇಕೆ ಹಿಡಿಯಬಾರದು? 2011ರಲ್ಲಿ ಪ್ರೊಪೊಫಾಲ್ ಎಂಬ ಮದ್ದು ಒಂದು ಬ್ಯಾಕ್ಟೀರಿಯದ ನಾಳದಲ್ಲಿ ಕೂತಿರುವ ಜಾಗ ಹರಳಿನಲ್ಲಿ ಕಂಡಿತು. 2020ರಲ್ಲಿ ಮನುಷ್ಯನ ಮಿದುಳಿನದೇ ಒಂದು ಜಾತಿಯ ನಾಳದಲ್ಲಿ ಕಂಡಿತು. ಮದ್ದು ಯಾವ ಸಂದಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಗಣಕಯಂತ್ರದಲ್ಲಿ ಅನೇಕರು ಲೆಕ್ಕಹಾಕಿದ್ದಾರೆ. ಆದರೆ ಒಂದು ನಾಳ ಮುಚ್ಚುವುದಕ್ಕೂ ಒಬ್ಬ ಮನುಷ್ಯನಿಗೆ ತನ್ನ ಹೆಸರು ಮರೆಯುವುದಕ್ಕೂ ನಡುವೆ ಇರುವ ದೂರವನ್ನು ಯಾವ ಅನುಕರಣೆಯೂ ಇನ್ನೂ ನಡೆದಿಲ್ಲ.

ರೆಹಮಾನರ ಊರಾದ ಹೈದರಾಬಾದಿನ ಹೆಸರು ಅರಿವಳಿಕೆಯ ಚರಿತ್ರೆಯಲ್ಲಿ ಇನ್ನೊಂದು ಕಾರಣಕ್ಕೆ ಬರುತ್ತದೆ. 1888ರಲ್ಲಿಯೂ 1889ರಲ್ಲಿಯೂ ಅಲ್ಲಿ ಎಡ್ವರ್ಡ್ ಲಾರಿ ಎಂಬ ವೈದ್ಯನ ಮುಂದಾಳುತನದಲ್ಲಿ, ನಿಜಾಮ ಸರ್ಕಾರದ ಬೆಂಬಲದಿಂದ, ಕ್ಲೋರೊಫಾರಂ ಆಯೋಗಗಳು ನಡೆದುವು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೊಫಾರಮ್ಮಿನಿಂದ ಉಸಿರು ನಿಲ್ಲುವ ಮುನ್ನ ಹೃದಯ ನಿಲ್ಲುವುದಿಲ್ಲ, ಆದುದರಿಂದ ಉಸಿರನ್ನು ಗಮನಿಸಿದರೆ ಸಾಕು ಎಂದು ತೀರ್ಮಾನಿಸಲಾಯಿತು. 1911ರಲ್ಲಿ ಲೆವಿ ಎಂಬವನು, ಹಗುರವಾಗಿ ಕೊಟ್ಟ ಕ್ಲೋರೊಫಾರಂ ಹೃದಯವನ್ನು ಹಠಾತ್ತನೆ ತತ್ತರಿಸಿ ನಿಲ್ಲಿಸಬಲ್ಲದೆಂದು ತೋರಿಸಿದ. ಹೈದರಾಬಾದಿನ ಪ್ರಯೋಗಗಳಲ್ಲಿ ಶ್ರಮಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು, ಮಂಚದ ಮೇಲೆ ಸತ್ತ ರೋಗಿಗಳ ಬಗ್ಗೆ ಬೇರೆಡೆಗಳಿಂದ ಬರುತ್ತಿದ್ದ ವರದಿಗಳಿಗೆ ಕಿವಿಗೊಡುವುದರಲ್ಲಿ. ಯಂತ್ರ ಎಷ್ಟೇ ದೊಡ್ಡದಾದರೂ ಈ ಅಪಾಯ ತಪ್ಪಿದ್ದಲ್ಲ. ಲೆಕ್ಕ ಒಂದು ಹೇಳಿ, ರೋಗಿ ಇನ್ನೊಂದು ಹೇಳಿದಾಗ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕಾದದ್ದು ಧರ್ಮ.

ನಂದಿದುರ್ಗದ ಸುರಂಗಗಳಲ್ಲಿ ಈಗ ನೀರು ನಿಂತಿದೆ. ಅಪ್ಪ ಕಟ್ಟಿದ ಮರದ ಆಸರೆಗಳೂ ಅದರೊಳಗೆ ಮುಳುಗಿರಬೇಕು. ನಾಳದ ಕಿಟಕಿಗಳ ವಿಷಯವನ್ನು ನಾನು ಮೊದಲು ಓದಿದಾಗ ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದುವು. ಇದ್ದಿದ್ದರೆ ಅವರ ಬಲಗೈಯನ್ನು ಹಿಡಿದು, ಉಗುರು ಸೊಟ್ಟಗೆ ಬೆಳೆದಿದ್ದ ಆ ಬೆರಳನ್ನು ತೋರಿಸಿ, ಅಂದು ನಿಮಗೆ ಮದ್ದು ಹತ್ತಿರಲಿಲ್ಲ ಅಪ್ಪ, ನೋವಾದದ್ದು ನಿಜ ಎಂದು ಹೇಳುತ್ತಿದ್ದೆ. ಅವರಿಗೆ ಹೇಳಲಾಗದೆ ಉಳಿದದ್ದನ್ನು ನಿಮಗೆ ಹೇಳಿದ್ದೇನೆ. ಸೂಜಿ ಹಾಕಿಸಿಕೊಂಡ ಮೇಲೂ ನೋವಾಗುತ್ತದೆಂದು ನಿಮ್ಮ ಮನೆಯ ಮಗುವೋ ಮುದುಕರೋ ಹೇಳಿದರೆ ದಯವಿಟ್ಟು ನಂಬಿ, ವೈದ್ಯರಿಗೂ ತಿಳಿಸಿ.

(ಬಾನುಲಿ ಭಾಷಣ)